ಒಂದು ಜೊತೆ ಸಾಲದು

ಎಲ್ಲರಿಗೂ ನಮಸ್ಕಾರ.

ಬೆಂಕಿ ಬಗ್ಗೆ ಮಾತಾಡಿ ಅಂತ ಕರೆದರು, ಬಂದೆ. ಮಲಗುವ ಮುಂಚೆ ಗ್ಯಾಸ್ ಆಫ್ ಮಾಡಿ, ಹಳೆ ವೈರು ಬದಲಿಸಿ, ಮೇಣದಬತ್ತಿಯನ್ನು ಪರದೆ ಹತ್ತಿರ ಇಡಬೇಡಿ, ಇಂಥದ್ದೆಲ್ಲ ಹೇಳುತ್ತಾರೆ ಅಂತ ನೀವು ಕಾದು ಕೂತಿದ್ದರೆ ಕ್ಷಮಿಸಿ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾನು ಮಾತಾಡುವುದು ಒಂದು ಕೋಟಿನ ಬಗ್ಗೆ.

ಬೆಂಕಿ ಆರಿಸುವವರು ಹಾಕುತ್ತಾರಲ್ಲ, ಹೊಳೆಯುವ ಪಟ್ಟಿ ಇರುವ ದಪ್ಪ ಕೋಟು, ಅದೇ ಬಟ್ಟೆಯ ಪ್ಯಾಂಟು, ಅದು. ನಾನು ಅದನ್ನು ಹಾಕಿಕೊಂಡು 29 ವರ್ಷ ದುಡಿದೆ. ಆಮೇಲೆ ಹೊಸಬರಿಗೆ ಪಾಠ ಹೇಳಿದೆ. ಈಗಲೂ ಕರೆದರೆ ಹೋಗುತ್ತೇನೆ. ಇಷ್ಟು ವರ್ಷ ಕಲಿತಿದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಮಾತು. ಒಬ್ಬರಿಗೆ ಒಂದು ಜೊತೆ ಸಾಲದು. ಎರಡು ಜೊತೆ ಕೊಡಿ.

ಅಷ್ಟೇನಾ ಅಂತೀರಾ? ಅಷ್ಟೇ. ಯಾಕೆ ಅಂತ ಹೇಳುವುದಕ್ಕೆ ಉಳಿದ ಹೊತ್ತು ಬೇಕು.

ಫೈರ್‌ಮನ್ ಹೇಗೆ ಸಾಯುತ್ತಾನೆ ಅಂತ ಯಾರನ್ನಾದರೂ ಕೇಳಿ ನೋಡಿ. ಛಾವಣಿ ಕುಸಿದು, ಉರಿಯಲ್ಲಿ ಸಿಕ್ಕಿಕೊಂಡು, ಏನೋ ಸಿಡಿದು ಅನ್ನುತ್ತಾರೆ. ಹಾಗೂ ಆಗುತ್ತದೆ. ಆದರೆ ನನ್ನ ಜೊತೆ ಒಂದೇ ಎಂಜಿನ್ನಿನಲ್ಲಿ ಹೋಗುತ್ತಿದ್ದವರಲ್ಲಿ ಬೆಂಕಿಯಲ್ಲಿ ಹೋದವರು ಒಬ್ಬರು. ಆಸ್ಪತ್ರೆ ಮಂಚದ ಮೇಲೆ ಹೋದವರು ಐದು ಜನ. ಎಲ್ಲರೂ ಕ್ಯಾನ್ಸರ್‌ಗೆ, ಎಲ್ಲರೂ ನಿವೃತ್ತಿಯಾದ ಮೇಲೆ, ಸದ್ದಿಲ್ಲದೆ. ಬೆಂಕಿಯಲ್ಲಿ ಹೋದವರಿಗೆ ಸೆಲ್ಯೂಟ್ ಸಿಕ್ಕಿತು, ಪೇಪರಿನಲ್ಲಿ ಫೋಟೋ ಬಂತು. ಈ ಐದು ಜನರಿಗೆ ಆಸ್ಪತ್ರೆ ಬಿಲ್ಲು ಬಂತು.

ಇದು ನಾನೊಬ್ಬ ಹೇಳುವ ಮಾತಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಯಾವುದರಿಂದ ಕ್ಯಾನ್ಸರ್ ಬರುತ್ತದೆ ಅಂತ ಪಟ್ಟಿ ಮಾಡುವುದು ಅವರ ಕೆಲಸ. 2022ರಲ್ಲಿ ಅವರು ಬೆಂಕಿ ಆರಿಸುವ ಕೆಲಸವನ್ನು ಆ ಪಟ್ಟಿಯ ಮೊದಲನೇ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಇನ್ನೇನಿದೆ ಗೊತ್ತಾ? ಸಿಗರೇಟಿನ ಹೊಗೆ ಇದೆ. ಕಲ್ನಾರು ಇದೆ, ಅದೇ ಆಸ್ಬೆಸ್ಟಾಸ್. ಗಮನಿಸಿ, ಹೊಗೆಯನ್ನಷ್ಟೇ ಅಲ್ಲ, ಈ ಕೆಲಸವನ್ನೇ ಸೇರಿಸಿದ್ದಾರೆ. 2007ರಲ್ಲಿ ಇದೇ ಸಂಸ್ಥೆ ‘ಇದ್ದರೂ ಇರಬಹುದು’ ಅಂದಿತ್ತು. 15 ವರ್ಷ ಆದ ಮೇಲೆ ‘ಹೌದು’ ಅಂತು.

ಯಾವ ಕ್ಯಾನ್ಸರ್? ಎರಡರ ಬಗ್ಗೆ ಅವರು ಖಡಾಖಂಡಿತ ಹೇಳಿದ್ದಾರೆ. ಒಂದು ಶ್ವಾಸಕೋಶದ ಸುತ್ತ ಇರುವ ತೆಳು ಪೊರೆಯದು. ಹಳೇ ಕಟ್ಟಡ ಸುಟ್ಟು ಬಿದ್ದಾಗ ಏಳುವ ಕಲ್ನಾರಿನ ಧೂಳು ಅಲ್ಲಿ ಹೋಗಿ ಕೂರುತ್ತದೆ. ಇನ್ನೊಂದು ಮೂತ್ರಕೋಶದ್ದು. ಹೊಗೆಗೂ ಮೂತ್ರಕೋಶಕ್ಕೂ ಎತ್ತಣ ಸಂಬಂಧ ಅಂತ ನಾನೂ ಕೇಳಿದ್ದೆ. ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಮೂಗಿನಿಂದಲೋ ಚರ್ಮದಿಂದಲೋ ಒಳಗೆ ಹೋದ ವಿಷ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಅದನ್ನು ಸೋಸಿ ಕೆಳಗೆ ಕಳಿಸುತ್ತದೆ. ಅದು ಹೊರಗೆ ಹೋಗುವ ತನಕ ಕಾಯುವುದು ಎಲ್ಲಿ? ಮೂತ್ರಕೋಶದಲ್ಲಿ, ಗಂಟೆಗಟ್ಟಲೆ.

ಚರ್ಮದಿಂದಲೋ ಅಂದೆನಲ್ಲ, ಅಲ್ಲೇ ಇರುವುದು ಕೋಟಿನ ಕತೆ.

ನಾನು ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಸೋಫಾ, ಹಾಸಿಗೆ ತುಂಬಿದ್ದ ಗೋದಾಮಿಗೆ ಬೆಂಕಿ ಬಿತ್ತು. ಮಧ್ಯಾಹ್ನ ಕರೆ ಬಂತು, ಸಂಜೆ ಹೊತ್ತಿಗೆ ಉರಿ ಅಡಗಿತು. ನಮ್ಮ ತಂಡದ ಹಿರಿಯರು ‘ಆಯ್ತು, ಮಾಸ್ಕ್ ತೆಗೀರಿ’ ಅಂದರು. ತೆಗೆದೆವು. ಬೆನ್ನಿಂದ ಸಿಲಿಂಡರ್ ಇಳಿಸಿದಾಗ ಆಗುವ ಹಾಯನ್ನು ಹೊತ್ತವರೇ ಬಲ್ಲರು. ಆಮೇಲೆ ನಾಲ್ಕು ಗಂಟೆ ಬರೀ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೆಲಸ. ಸುಟ್ಟ ಹಾಸಿಗೆಗಳನ್ನು ಕೊಕ್ಕೆಯಿಂದ ಮಗುಚುವುದು, ಒಳಗೆ ಕೆಂಡ ಅಡಗಿದೆಯಾ ನೋಡುವುದು, ನೀರು ಹೊಡೆಯುವುದು, ಮತ್ತೆ ಮಗುಚುವುದು. ಸುಟ್ಟ ಫೋಮು ಕರಗಿದ ಡಾಂಬರಿನ ಹಾಗೆ. ಬೂಟಿಗೆ ಅಂಟಿಕೊಂಡು ಎಳೆ ಎಳೆಯಾಗಿ ಬರುತ್ತದೆ. ಅದರ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತದೆ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

ಕೈ ತೊಳೆಯದೆ ಎಂಜಿನ್ನಿನ ಮೆಟ್ಟಿಲ ಮೇಲೆ ಕೂತು ಯಾರೋ ತಂದುಕೊಟ್ಟ ಬ್ರೆಡ್ಡು ತಿಂದೆವು. ಬಿಳೀ ಬ್ರೆಡ್ಡಿನ ಮೇಲೆ ಬೆರಳಿನ ಕಪ್ಪು ಗುರುತು. ಯಾರ ಗುರುತು ಚೆನ್ನಾಗಿ ಮೂಡಿದೆ ಅಂತ ಒಬ್ಬರಿಗೊಬ್ಬರು ತೋರಿಸಿ ನಕ್ಕೆವು. ಅಷ್ಟರಲ್ಲಿ ಯಾರೋ ಫೋಟೋ ತೆಗೆದರು. ಮುಖ ಪೂರ್ತಿ ಕಪ್ಪು, ಹಲ್ಲು ಮಾತ್ರ ಬಿಳಿ. ಅಮ್ಮ ಆ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಆ ಕಾಲದಲ್ಲಿ ಮಸಿ ಅಂದರೆ ಮೆಡಲ್ಲು. ಕೋಟು ಎಷ್ಟು ಕೊಳೆಯೋ ಆಸಾಮಿಗೆ ಅಷ್ಟು ಅನುಭವ. ಹೇಳಲು ನಾಚಿಕೆಯಾಗುತ್ತದೆ, ನಾನು ಸೇರಿದ ಹೊಸದರಲ್ಲಿ ನನ್ನ ಹೊಸ ಕೋಟಿಗೆ ನಾನೇ ಬೂದಿ ಉಜ್ಜಿದ್ದೆ. ಹೊಸಬ ಅಂತ ಗೊತ್ತಾಗಬಾರದು ಅಂತ!

ಮನೆಗೆ ಹೋಗಿದ್ದು ಮರುದಿನ ಬೆಳಿಗ್ಗೆ. ಸ್ನಾನ ಮಾಡಿದೆ. ಹೆಂಡತಿ ಹತ್ತಿರ ಬಂದವಳು ಮೂಗು ಮುಚ್ಚಿಕೊಂಡು ‘ಇನ್ನೊಂದ್ಸಲ ಮಾಡ್ಕೊಂಡು ಬನ್ನಿ’ ಅಂದಳು. ಮಾಡಿದೆ. ಸೋಪಿನ ನೊರೆ ಬೆಳ್ಳಗೆ ಬರುವ ತನಕ ಉಜ್ಜಿದೆ. ಬಿದ್ದುಕೊಂಡವನಿಗೆ ಎಚ್ಚರ ಆಗಿದ್ದು ಸಂಜೆ. ಎರಡು ವರ್ಷದ ಮಗಳು ಮಂಚದ ಪಕ್ಕ ನಿಂತು ದಿಂಬನ್ನು ಬೆರಳಿಂದ ತೀಡುತ್ತಿದ್ದಳು. ‘ಅಪ್ಪ ಇಲ್ಲಿ’ ಅಂದಳು. ನೋಡಿದರೆ ದಿಂಬಿನ ಕವರಿನ ಮೇಲೆ ನನ್ನ ಕೆನ್ನೆ, ಕಿವಿ, ಕತ್ತು. ಬೂದು ಬಣ್ಣದಲ್ಲಿ ಅಚ್ಚು ಒತ್ತಿದ ಹಾಗೆ.

ಎರಡು ಸ್ನಾನ ಆದ ಮೇಲೆ. ಮೇಲಿನದು ತೊಳೆದು ಹೋಗಿತ್ತು. ಚರ್ಮದ ಸಂದಿಯಲ್ಲಿ ಕೂತಿದ್ದು ನಿದ್ದೆಯಲ್ಲಿ ಬೆವರಿನ ಜೊತೆ ಹೊರಗೆ ಬಂದಿತ್ತು. ಮಗಳ ತೋರುಬೆರಳಿನ ತುದಿ ಕಪ್ಪಾಗಿತ್ತು. ಅದನ್ನು ಬಾಯಿಗೆ ಇಡಲು ಹೊರಟಳು, ಹೆಂಡತಿ ಬಂದು ಕೈ ಹಿಡಿದುಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು. ಏನೂ ಹೇಳಲಿಲ್ಲ. ಆ ಕವರು ಈಗಲೂ ನನ್ನ ಹತ್ತಿರ ಇದೆ. ಒಗೆದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದೇನೆ. ಹೊಸಬರಿಗೆ ಪಾಠ ಹೇಳುವಾಗ ಮೊದಲ ದಿನ ಅದನ್ನೇ ಮೇಜಿನ ಮೇಲೆ ಹರಡುವುದು.

ಕತೆ ಮುಗಿದಿಲ್ಲ. ನಾನು ಸ್ನಾನ ಮಾಡಿದೆ, ಸರಿ. ಕೋಟು? ಅದು ಠಾಣೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಆ ಮೊಳೆ ಇದ್ದುದು ನಾವೆಲ್ಲ ಮಲಗುವ ಕೋಣೆಯ ಗೋಡೆಯಲ್ಲಿ. ದಿಂಬು ನೋಡಿ ಹೆದರಿದ್ದೆನಲ್ಲ, ಮುಂದಿನ ರಜೆಗೆ ಕೋಟನ್ನು ಮನೆಗೆ ತಂದು ಬಟ್ಟೆ ಒಗೆಯುವ ಮೆಷಿನ್‌ಗೆ ಹಾಕಿದೆ. ಕಪ್ಪು ನೀರು ಹೋಯಿತು. ಭಾರೀ ಖುಷಿಯಾಯಿತು. ಆಮೇಲೆ ಅದೇ ಮೆಷಿನ್ನಿನಲ್ಲಿ ಮಗಳ ಫ್ರಾಕು ಒಗೆದೆವು. ಅದು ಎಂಥ ಪೆದ್ದು ಕೆಲಸ ಅಂತ ಗೊತ್ತಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಕೋಟನ್ನು ಬಿಸಿಲಿಗೆ ಹಾಕಿದೆ. ಸಂಜೆ ಡ್ಯೂಟಿಗೆ ಹೋಗುವಾಗ ಮೇಲೆ ಒಣಗಿತ್ತು, ಒಳಗೆ ಹಸಿ. ಇನ್ನೊಂದು ಕೋಟು ಇದ್ದರೆ ತಾನೇ? ಹಾಕಿಕೊಂಡು ಹೋದೆ. ರಾತ್ರಿ ಎರಡು ಗಂಟೆಗೆ ಕರೆ. ಸಣ್ಣ ಬೆಂಕಿ, ಒಂದು ಅಡುಗೆ ಮನೆ. ಹತ್ತು ನಿಮಿಷದ ಕೆಲಸ. ಹೊರಗೆ ಬಂದು ಕೋಟು ಬಿಚ್ಚಿದರೆ ಭುಜದ ಮೇಲೆ, ಸಿಲಿಂಡರ್ ಪಟ್ಟಿ ಒತ್ತುವ ಕಡೆ, ಮೂರು ಬೆರಳಗಲ ಬೊಬ್ಬೆ. ಉರಿ ನನ್ನ ಹತ್ತಿರ ಕೂಡ ಬಂದಿರಲಿಲ್ಲ. ಕೋಟಿನಲ್ಲಿ ಉಳಿದಿದ್ದ ನೀರು ಕಾದು ಹಬೆಯಾಗಿ ನನ್ನನ್ನು ಬೇಯಿಸಿತ್ತು.

ಹಿರಿಯರು ಬೈದರು. ‘ತೊಳಿ ಅಂತ ನಿನಗೆ ಹೇಳಿದ್ದು ಯಾರು?’ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಮೇಲೆ ಹತ್ತು ವರ್ಷ ನಾನು ಕೋಟು ತೊಳೆಯಲಿಲ್ಲ.

ಈಗ ನೀವೇ ಹೇಳಿ. ತೊಳೆದರೆ ಮೈ ಸುಡುತ್ತದೆ. ತೊಳೆಯದಿದ್ದರೆ ವಿಷವನ್ನೇ ಹೊದ್ದುಕೊಂಡು ಓಡಾಡಬೇಕು. ಒಂದೇ ಜೊತೆ ಇರುವವನ ಪಾಡು ಇದು. ಅವನಿಗೆ ಶಿಸ್ತು ಇಲ್ಲ ಅಂತ, ಶುಚಿ ಗೊತ್ತಿಲ್ಲ ಅಂತ ಬೈಯುವುದು ಸುಲಭ. ಅವನ ಕೈಯಲ್ಲಿ ಇನ್ನೊಂದು ಕೋಟು ಕೊಟ್ಟು ಆಮೇಲೆ ಬೈಯಿರಿ.

ಈ ಕೋಟು ಅಂಗಿಯ ಹಾಗಲ್ಲ. ಮೂರು ಪದರ ಇದೆ. ಹೊರಗಿನದು ಉರಿ ತಡೆಯುತ್ತದೆ, ನಡುವಿನದು ನೀರು ತಡೆಯುತ್ತದೆ, ಒಳಗಿನದು ಕಾವು ತಡೆಯುತ್ತದೆ. ಸರಿಯಾಗಿ ಒಗೆಯಬೇಕಾದರೆ ಹೊರಗಿನದನ್ನೂ ಒಳಗಿನದನ್ನೂ ಬಿಚ್ಚಿ ಬೇರೆ ಬೇರೆ ಒಗೆಯಬೇಕು. ನೀರಿನ ಬಿಸಿ 40 ಡಿಗ್ರಿ ದಾಟಬಾರದು. ಬ್ಲೀಚ್ ಹಾಕಲೇಬಾರದು. ನಾನು ಮಾಡಿದ ಹಾಗೆ ಬಿಸಿಲಿಗೆ ಹಾಕುವುದಂತೂ ಬೇಡ, ಉರಿಗೆ ಬಗ್ಗದ ಆ ನೂಲು ಬಿಸಿಲಿಗೆ ಸೋತು ಹೋಗುತ್ತದೆ. ನೆರಳಲ್ಲಿ, ಗಾಳಿಯಲ್ಲಿ ಒಣಗಬೇಕು. ಅಂದರೆ ಏನಾಯಿತು? ಕೋಟು ಇವತ್ತು ತೊಳೆದರೆ ಇವತ್ತು ಸಿಗುವುದಿಲ್ಲ. ಬೆಂಕಿ ಕಾಯುತ್ತದಾ? ಇಲ್ಲ. ಅದಕ್ಕೇ ಹೇಳುವುದು, ಎರಡು ಜೊತೆ.

ಒಂದು ಮೀಟಿಂಗಿನಲ್ಲಿ ದೊಡ್ಡವರೊಬ್ಬರು ನಗುತ್ತಾ ನನ್ನನ್ನು ಕೇಳಿದರು. ‘ಮೈ ಇರೋದು ಒಂದೇ ಅಲ್ವಾ, ಕೋಟು ಎರಡು ಯಾಕ್ರೀ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮ ಮೈಯೂ ಒಂದೇ ಸ್ವಾಮಿ, ಬೀರುವಿನಲ್ಲಿ ಅಂಗಿ ಎಷ್ಟಿವೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಇವತ್ತು ಮೈಕು ನನ್ನ ಮುಂದೆ ಇದೆ, ಕೇಳುತ್ತಿದ್ದೇನೆ.

ಇನ್ನೊಂದು ಜೊತೆ ಬರುವ ತನಕ ಕೈ ಕಟ್ಟಿ ಕೂರಬೇಕಾ? ಬೇಡ. ಈ ಮಾತು ಈಗ ಕೇಳುತ್ತಿರುವ ನನ್ನ ಹುಡುಗ ಹುಡುಗಿಯರಿಗೆ. ಬೆಂಕಿ ಆರಿದ ಜಾಗದಲ್ಲೇ, ಎಂಜಿನ್ ಹತ್ತುವ ಮುಂಚೆ, ಮಾಸ್ಕ್ ಇನ್ನೂ ಮುಖದ ಮೇಲೆ ಇರುವಾಗಲೇ ಒಬ್ಬರ ಕೋಟನ್ನು ಇನ್ನೊಬ್ಬರು ಬ್ರಷ್ಷು, ಸೋಪು ನೀರಿನಿಂದ ಉಜ್ಜಿ ತೊಳೆಯಿರಿ. ಐದು ನಿಮಿಷ ಸಾಕು. ಇದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. 2017ರಲ್ಲಿ ಬಂದ ಅಧ್ಯಯನ ಅದು. ಒಣ ಬ್ರಷ್ಷಿನಿಂದ ಉಜ್ಜಿದರೆ ಕೋಟಿನ ಮೇಲಿನ ಮಸಿವಿಷ ನೂರಕ್ಕೆ 23 ಪಾಲು ಹೋಯಿತು. ಸೋಪು ನೀರಿನಲ್ಲಿ ಉಜ್ಜಿದರೆ 85 ಪಾಲು. ಒದ್ದೆ ಟಿಶ್ಯೂವಿನಿಂದ ಕತ್ತು ಒರೆಸಿಕೊಂಡರೆ ಚರ್ಮದ ಮೇಲಿದ್ದುದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಕತ್ತು ಯಾಕೆ? ಕೋಟಿಗೂ ಹೆಲ್ಮೆಟ್ಟಿಗೂ ನಡುವೆ ಇರುವುದು ಬರೀ ಒಂದು ಹೆಣೆದ ಬಟ್ಟೆಯ ಟೋಪಿ. ಹಳೇ ನಮೂನೆಯದಾದರೆ ಮಸಿ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ನನ್ನ ದಿಂಬಿನ ಮೇಲೆ ಕತ್ತು ಅಷ್ಟು ಚೆನ್ನಾಗಿ ಮೂಡಿದ್ದು ಅದಕ್ಕೇ.

ಆದರೆ ಹೀಗೆ ತೊಳೆದರೂ ಕೋಟು ಒದ್ದೆ ತಾನೇ? ಒಂದು ಗಂಟೆಯಲ್ಲಿ ಮುಂದಿನ ಕರೆ ಬಂದರೆ ಏನು ಹಾಕಿಕೊಂಡು ಹೋಗಬೇಕು? ಸುತ್ತಿ ಬಳಸಿ ಅಲ್ಲಿಗೇ ಬಂದೆವು. ಎರಡು ಜೊತೆ.

ಮಾಸ್ಕ್ ವಿಷಯ. ಬೆಂಕಿ ಆರಿತು ಅಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತು ಅಂತ ಅಲ್ಲ. ಉರಿ ಇರುವಾಗ ಎಲ್ಲರೂ ಹುಷಾರು. ಉರಿ ಅಡಗಿ, ಬಿಸಿ ಬೂದಿ ಹೊಗೆಯಾಡುತ್ತಾ ಇರುತ್ತದಲ್ಲ, ಆಗ ಮೈಮರೆಯುತ್ತೇವೆ. ಕಣ್ಣಿಗೆ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಸಯನೈಡ್ ಇರುತ್ತದೆ, ಧೂಳು ಇರುತ್ತದೆ. ನ್ಯೂಯಾರ್ಕ್ ನೆನಪಿದೆಯಲ್ಲ? 2001ರ ಸೆಪ್ಟೆಂಬರ್ 11ರಂದು ಅವಳಿ ಕಟ್ಟಡ ಕುಸಿದಾಗ ಅಲ್ಲಿನ ಅಗ್ನಿಶಾಮಕ ದಳದ 343 ಜನ ಸತ್ತರು. ಅದು ಎಲ್ಲರಿಗೂ ಗೊತ್ತು. ಉಳಿದವರು ತಿಂಗಳುಗಟ್ಟಲೆ ಆ ಅವಶೇಷದ ಧೂಳಿನಲ್ಲಿ ಕೆಲಸ ಮಾಡಿದರು. ಆಮೇಲೆ ಕಾಯಿಲೆ ಬಿದ್ದರು. 2023ರ ಸೆಪ್ಟೆಂಬರ್ ಹೊತ್ತಿಗೆ ಹಾಗೆ ಕಾಯಿಲೆಯಿಂದ ಸತ್ತ ಅದೇ ದಳದವರ ಲೆಕ್ಕವೂ 343 ಮುಟ್ಟಿತು. ಈಗ ಅದನ್ನೂ ದಾಟಿದೆ. ಕಟ್ಟಡ ಬಿದ್ದು ಸತ್ತವರಿಗಿಂತ ಧೂಳು ಕುಡಿದು ಸತ್ತವರೇ ಜಾಸ್ತಿ.

ದಿಂಬಿನ ಕತೆಯಲ್ಲೇ ಅರ್ಧ ಸಮಯ ಕಳೆದೆ. ಹೆಂಡತಿ ಮುಂಚೆಯೇ ಎಚ್ಚರಿಸಿದ್ದಳು. ಉಳಿದಿದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಹೃದಯ. 2007ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಾಗ, ಡ್ಯೂಟಿಯಲ್ಲಿದ್ದಾಗ ಸತ್ತ ಫೈರ್‌ಮನ್‌ಗಳಲ್ಲಿ ನೂರಕ್ಕೆ 45 ಜನ ಹೃದಯದ ಕಾಯಿಲೆಯಿಂದ ಸತ್ತವರು. ಗಾಢ ನಿದ್ದೆಯಲ್ಲಿದ್ದವನನ್ನು ಗಂಟೆ ಬಾರಿಸಿ ಎಬ್ಬಿಸಿ, ಇಪ್ಪತ್ತು ಕಿಲೋಗೂ ಜಾಸ್ತಿ ಭಾರ ಹೊರಿಸಿ, ಉರಿಯುವ ಮನೆಯ ಮೆಟ್ಟಿಲು ಹತ್ತಿಸಿದರೆ ಹೃದಯ ಏನು ಮಾಡೀತು? ವರ್ಷಕ್ಕೊಮ್ಮೆ ಅದನ್ನು ತಪಾಸಣೆ ಮಾಡಿಸಬೇಕು. ರಕ್ತದೊತ್ತಡ ನೋಡಿ ಸೀಲು ಹೊಡೆದು ಕಳಿಸುವ ತಪಾಸಣೆ ಅಲ್ಲ, ನಿಜವಾದ ತಪಾಸಣೆ.

ಠಾಣೆಯೊಳಗೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವ ಅಭ್ಯಾಸ ಬಿಡಿ. ಡೀಸೆಲ್ ಹೊಗೆ ಕೂಡ 2012ರಿಂದ ಅದೇ ಮೊದಲನೇ ಗುಂಪಿನಲ್ಲಿದೆ.

ಮನಸ್ಸು. ಇದಕ್ಕೆ ಇನ್ನೊಂದು ದಿನವೇ ಬೇಕು. ಸುಟ್ಟ ಮಗುವನ್ನು ಎತ್ತಿಕೊಂಡು ಬಂದವನು ಮರುದಿನ ಸುಮ್ನೆ ಕೂತಿದ್ದರೆ ‘ಗಟ್ಟಿ ಮನುಷ್ಯ’ ಅಂತ ಬೆನ್ನು ತಟ್ಟಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಮಾತಾಡಿಸಲು ಕಲಿತವರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಮನೆಯವರು. ನಿಮ್ಮ ಗಂಡನೋ, ಹೆಂಡತಿಯೋ, ಮಗನೋ, ಮಗಳೋ ಈ ಕೆಲಸದಲ್ಲಿದ್ದರೆ ಆ ಕೋಟು ಮನೆ ಬಾಗಿಲು ದಾಟಲು ಬಿಡಬೇಡಿ. ಕಾರಿನ ಡಿಕ್ಕಿಯಲ್ಲೂ ಬೇಡ. ಮಕ್ಕಳಿಗೆ ಹಾಕಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ನನಗೂ ಗೊತ್ತು, ನೋಡಲು ಮುದ್ದಾಗಿರುತ್ತದೆ. ನನ್ನ ಮಗಳದೂ ಒಂದು ಅಂಥ ಫೋಟೋ ಇದೆ. ಕೋಟಿನ ತೋಳಿನೊಳಗೆ ಅವಳ ಕೈ ಕಾಣುವುದೇ ಇಲ್ಲ. ಆ ಫೋಟೋ ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಅವಳ ಗಲ್ಲಕ್ಕೆ ತಾಗಿರುವ ಕಾಲರಿನ ಕಡೆ.

ಈ ಕೆಲಸದವರು ಯಾರೂ ನಿಮ್ಮ ಮನೆಯಲ್ಲಿ ಇಲ್ಲವಾ? ಹಾಗಾದರೆ ನಿಮಗೂ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಹತ್ತಿರದ ಅಗ್ನಿಶಾಮಕ ಠಾಣೆಗೆ ಒಂದು ಸಲ ಹೋಗಿ. ಹಾರ, ಶಾಲು ಏನೂ ಬೇಡ. ಕೋಟುಗಳನ್ನು ಎಲ್ಲಿ ನೇತುಹಾಕಿದ್ದಾರೆ ನೋಡಿ. ಬೇರೆ ಕೋಣೆಯಲ್ಲೋ, ಮಲಗುವ ಮಂಚದ ಪಕ್ಕದಲ್ಲೋ? ಕೋಟು ಒಗೆಯಲು ಬೇರೆ ಮೆಷಿನ್ ಇದೆಯಾ ಅಂತ ಕೇಳಿ. ಆಮೇಲೆ ಅಲ್ಲಿರುವವರನ್ನು, ಮೇಲಿನವರನ್ನಲ್ಲ, ಎಂಜಿನ್ ಹತ್ತುವವರನ್ನೇ ಕೇಳಿ: ನಿಮಗೆ ಕೋಟು ಎಷ್ಟು ಜೊತೆ ಕೊಟ್ಟಿದ್ದಾರೆ?

ಒಂದು ಅಂತ ಹೇಳಿದರೆ, ನಿಮ್ಮ ಓಟು ಕೇಳಲು ಬರುವವರಿಗೆ ಅದೇ ಪ್ರಶ್ನೆ ಕೇಳಿ. ಇನ್ನೊಂದು ಜೊತೆ ಯಾವಾಗ ಅಂತ. ತಾರೀಕು ಹೇಳಲಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.